ಕೆನ್ನೆಗೊಂದು ಸಾಲು

ನನ್ನ ಮಗಳ ಎಡಗೆನ್ನೆಯ ಮೇಲೆ ಹುಟ್ಟಿದಾಗಿನಿಂದ ಒಂದು ಕಂದು ಮಚ್ಚೆ ಇದೆ. ಐದನೇ ಕ್ಲಾಸು ಮುಗಿಯುವವರೆಗೆ ಅದು ಅವಳ ಮೂಗು, ಕಿವಿಗಳ ಹಾಗೆ ಸುಮ್ಮನೆ ಅಲ್ಲಿತ್ತು, ಯಾರೂ ಅದರ ಸುದ್ದಿಗೆ ಹೋಗುತ್ತಿರಲಿಲ್ಲ. ಆರನೇ ಕ್ಲಾಸಿನಲ್ಲಿ ಅವಳು ತಲೆ ತಾನೇ ಬಾಚಿಕೊಳ್ಳಲು ಶುರುಮಾಡಿದಳು. ಬೈತಲೆ ನಡುವಿನಿಂದ ಬಲಕ್ಕೆ ಸರಿಯಿತು, ಕೂದಲು ಎಡಗಡೆಗೆ ಇಳಿಯಿತು, ಮಚ್ಚೆ ಪರದೆಯ ಹಿಂದೆ ಹೋಯಿತು. ಕೂದಲು ಸರಿಸಲು ನಾನು ಕೈ ಚಾಚಿದರೆ ಬೆಕ್ಕಿನ ಹಾಗೆ ತಲೆ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಅದೇ ಸುಮಾರಿಗೆ ಅವಳ ಕಿವಿಗೆ ಇಯರ್‌ಫೋನು ಬಂತು, ಅದರೊಳಗೆ ಹಾಡುಗಳು ಬಂದವು.

ಎಂಥ ಹಾಡುಗಳು ಅಂತೀರಿ. ಇಂಗ್ಲಿಷಿನವು, ಕೊರಿಯಾದವು, ನಡುನಡುವೆ ಒಂದೊಂದು ತೆಲುಗಿನವು. ಭಾಷೆ ಯಾವುದಾದರೂ ಹೇಳುವುದು ಒಂದೇ. ನೀನು ಇದ್ದ ಹಾಗೇ ಚೆಂದ. ಕನ್ನಡಿಯನ್ನು ನಂಬಬೇಡ. ಯಾರೇನಂದರೂ ತಲೆ ತಗ್ಗಿಸಬೇಡ, ನೀನು ರಾಣಿ. ಕೊರಿಯಾದ ಹಾಡುಗಳ ಅರ್ಥವನ್ನು ಮಗಳೇ ನನಗೆ ಬಿಡಿಸಿ ಹೇಳುತ್ತಿದ್ದಳು, ಅದೂ ಅರ್ಧ ತೆಲುಗಿನಲ್ಲಿ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಣ್ಣ ಬೇಡ, ಬೆಡಗು ಬೇಡ, ಬರೀ ಮುಖದಲ್ಲೇ ಬಾ ಎಂದು ಹಾಡುವವಳ ಮುಖ ನೋಡಿದರೆ ಅಲ್ಲೊಂದು ಅಂಗಡಿಯೇ ತೆರೆದಿರುತ್ತಿತ್ತು. ರೆಪ್ಪೆ ಒಂದೊಂದೂ ಪೊರಕೆ ಕಡ್ಡಿಯಷ್ಟುದ್ದ. ಹಾಡಿಗೆ ಮೊದಲು ಮುಖದ ಕಲೆ ತೆಗೆಯುವ ಕ್ರೀಮಿನ ಜಾಹೀರಾತು, ಹಾಡು ಮುಗಿದ ಮೇಲೆ ಮತ್ತೆ ಅದೇ ಕ್ರೀಮು. "ಇವರಿಗೆ ನಾಚಿಕೆ ಅನ್ನೋದೇ ಇಲ್ವೇನೇ?" ಎಂದರೆ ಮಗಳು ಇಯರ್‌ಫೋನನ್ನು ಒಂದಿಷ್ಟು ಸರಿಸಿ, "ಅಮ್ಮ, ನೀನು ಹಾಡು ಕೇಳು, ಆ್ಯಡ್ ನೋಡ್ಬೇಡ" ಅನ್ನುತ್ತಿದ್ದಳು.

ನಾನು ತಿಪಟೂರು ಕಡೆಯವಳು. ತೆಲುಗಿನವರನ್ನು ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದೆ. ಮಧುರವಾಡದಲ್ಲಿ ನಮ್ಮ ಫ್ಲಾಟು, ಅಲ್ಲೇ ಹತ್ತಿರದ ಕಾಲೇಜೊಂದರ ಲೈಬ್ರರಿಯಲ್ಲಿ ನನ್ನ ಕೆಲಸ. ಅತ್ತೆಯ ಮನೆ ವಿಜಯವಾಡದಲ್ಲಿ. ಮನೆಯೊಳಗೆ ತೆಲುಗಿನದೇ ದರ್ಬಾರು. ಕನ್ನಡ ಉಳಿದಿರುವುದು ನನಗೂ ಮಗಳಿಗೂ ನಡುವೆ ಮಾತ್ರ, ಅದೂ ಬೈಯುವುದಕ್ಕೆ, ಮುದ್ದು ಮಾಡುವುದಕ್ಕೆ, ಮತ್ತು ಹೊರಗಿನವರ ಮುಂದೆ ಗುಟ್ಟು ಹೇಳುವುದಕ್ಕೆ.

ನಮ್ಮ ಕಾಲದ ಕ್ಯಾಸೆಟ್ಟುಗಳಲ್ಲಿ ಹುಡುಗಿಯ ಚೆಲುವನ್ನು ಹುಡುಗನೇ ಹಾಡಬೇಕಿತ್ತು. ಅವನು ಚಂದ್ರ ಅಂದರೆ ಚಂದ್ರ, ಮಲ್ಲಿಗೆ ಅಂದರೆ ಮಲ್ಲಿಗೆ. ಹಾಡುವವನು ಸಿಗದವಳು ಟೇಪು ರೆಕಾರ್ಡರಿನ ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಾ ಕೂರುವುದು, ಅಷ್ಟೇ. ಈಗ ಹುಡುಗಿಯರೇ ಹುಡುಗಿಯರಿಗೆ ಹಾಡುತ್ತಾರೆ, ಯಾರ ಅಪ್ಪಣೆಗೂ ಕಾಯುವುದಿಲ್ಲ. ಇದು ಒಳ್ಳೆಯದೇ ಅಲ್ಲವೇ ಎಂದು ನನ್ನನ್ನೇ ಕೇಳಿಕೊಂಡರೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ಒಂದು ದಿನ ಗಾಜುವಾಕಕ್ಕೆ ಹೋಗುವ ಬಸ್ಸಿನಲ್ಲಿ, ಕಂಬಿಗೆ ಜೋತುಬಿದ್ದು, ಬೆವರಿ ತೊಪ್ಪೆಯಾಗಿ ನಿಂತಿದ್ದೆ. ತಲೆಯೊಳಗೆ ಮಗಳ ಹಾಡೊಂದು ತಾನಾಗಿಯೇ ಸುತ್ತುತ್ತಿತ್ತು. ಇಳಿದು ನಡೆಯುವಾಗ ನೋಡಿಕೊಳ್ಳುತ್ತೇನೆ, ಬೆನ್ನು ನೆಟ್ಟಗಿದೆ, ಹೆಜ್ಜೆ ತಾಳಕ್ಕೆ ಬೀಳುತ್ತಿದೆ, ಸೀರೆಯ ಸೆರಗು ಸಮುದ್ರದ ಗಾಳಿಗೆ ಹಿಂದೆ ಹಿಂದೆ ಹಾರುತ್ತಿದೆ. ಮೀನು ಮಾರುವವಳೊಬ್ಬಳು ನನ್ನನ್ನು ನೋಡಿ ಸುಮ್ಮನೆ ನಕ್ಕಳು. ನಾನೂ ನಕ್ಕೆ. ಆಮೇಲೆ ಹಾಡುಗಳನ್ನು ಬೈಯುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಮಗಳು ದೊಡ್ಡವಳಾದ ಮಾರನೆಯ ತಿಂಗಳು ಅತ್ತೆಯ ಫೋನು ಬಂತು. ಲಂಗದ ಮೇಲೆ ಮೊದಲ ಸಲ ದಾವಣಿ ಹೊದಿಸುವ ಹಾಫ್ ಸಾರಿ ಫಂಕ್ಷನ್ನು ಆ ಕಡೆ ಮದುವೆಯ ತಮ್ಮನಿದ್ದ ಹಾಗೆ. ಫಂಕ್ಷನ್ ಹಾಲು, ವೇದಿಕೆ, ದೊಡ್ಡ ಪರದೆ, ಊಟ, ಫೋಟೋ ಎಲ್ಲ ಇರಬೇಕು. "ಒಬ್ಬಳೇ ಮೊಮ್ಮಗಳು. ವಿಜಯವಾಡದಲ್ಲೇ ಮಾಡೋಣ, ಹಾಲು ಹೇಳಿ ಆಯ್ತು" ಎಂದರು ಅತ್ತೆ. ಮಗು ದೊಡ್ಡವಳಾದದ್ದನ್ನು ಊರಿಗೆಲ್ಲ ಸಾರುವುದು ಯಾಕೆ ಎಂದು ನಾನು ಗೊಣಗಿದೆ. ಆದರೆ ಮಗಳಿಗೇ ಆಸೆಯಿತ್ತು. ಗೆಳತಿಯರಿಗೆಲ್ಲ ಆಗಿತ್ತು, ಅವರೆಲ್ಲ ತಮಗಿಷ್ಟವಾದ ಹಾಡಿಗೆ ವೇದಿಕೆಯವರೆಗೆ ನಡೆದು ಬಂದಿದ್ದರು. ಇವಳೂ ತನ್ನ ಹಾಡನ್ನು ಆರಿಸಿಟ್ಟುಕೊಂಡಿದ್ದಳು. ಯಾವುದು ಎಂದು ಕೇಳಬೇಕೇ? ಇದ್ದ ಹಾಗೇ ಚೆಂದ ಎನ್ನುವ ಹಾಡುಗಳಲ್ಲೇ ದೊಡ್ಡದು, ಡ್ರಮ್ಮು ಜಾಸ್ತಿ ಇರುವಂಥದ್ದು.

ಎಡವಟ್ಟಾದದ್ದು ಜಡೆಯ ಹತ್ತಿರ. ದಾವಣಿಗೆ ಹೂವಿನ ಜಡೆ ಬೇಕೇ ಬೇಕು, ನಮ್ಮಲ್ಲಿ ಮೊಗ್ಗಿನ ಜಡೆ ಎನ್ನುವ ಥರದ್ದು. ಅದಕ್ಕೆ ಕೂದಲನ್ನೆಲ್ಲ ಹಿಂದಕ್ಕೆ ಬಿಗಿಯಾಗಿ ಬಾಚಿ ಕಟ್ಟಬೇಕು. ಒಂದು ಎಳೆಯೂ ಕೆನ್ನೆಯ ಮೇಲೆ ಬೀಳುವಂತಿಲ್ಲ. ಇದು ಹೊಳೆದ ದಿನ ಮಗಳು ಊಟ ಮಾಡಲಿಲ್ಲ. ಅತ್ತೆ ಫೋನಿನಲ್ಲೇ ಸಮಾಧಾನ ಮಾಡಿದರು, ಮೇಕಪ್ಪಿನವಳು ಮಚ್ಚೆಯನ್ನು ಕಾಣದ ಹಾಗೆ ಮುಚ್ಚುತ್ತಾಳೆ ಎಂದು. ನಾನು ಮಾತಿಗೆ ಹೋದೆ. "ಮುಚ್ಚೋದು ಯಾಕೆ ಅತ್ತಯ್ಯ?" ಅಂದೆ. ಅವರು ತಣ್ಣಗೆ, "ಜನ ಮೊದಲು ಮಗೂನ ನೋಡಲಿ ಅಮ್ಮಾಯಿ. ಮಚ್ಚೆ ಆಮೇಲೆ ನೋಡಲಿ" ಎಂದರು. ಸಿಟ್ಟು ಮಾಡಿಕೊಳ್ಳಲು ಆ ಮಾತಿನಲ್ಲಿ ಜಾಗವೇ ಇರಲಿಲ್ಲ.

ಅದೇ ಭಾನುವಾರ ಬೆಳಿಗ್ಗೆ ನಾನೂ ಮಗಳೂ ಸಮುದ್ರದ ಹತ್ತಿರ ಹೋಗಿದ್ದೆವು. ಬಿಸಿಲು ಇನ್ನೂ ಏರಿರಲಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ, ಎರಡೂ ಹಾಲು ಬೆರೆಸಿದ ಬಣ್ಣದಲ್ಲಿದ್ದವು. ಅದರ ನಡುವೆ ಒಂದು ಹಡಗು ಯಾವುದಕ್ಕೂ ತಾಗದೆ ನಿಂತಿತ್ತು. ಮಗಳು ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟಳು. ಒಂದು ಕಿವಿಯಲ್ಲಿ ಹಾಡು, ಇನ್ನೊಂದರಲ್ಲಿ ಅಲೆ. ಕೊರಿಯಾದ ಹುಡುಗಿಯೊಬ್ಬಳು ನಿದ್ದೆಗಣ್ಣಿನ ದನಿಯಲ್ಲಿ ಏನೋ ಹೇಳುತ್ತಿದ್ದಳು, ಅಲೆ ಅದನ್ನು ಅರ್ಧಕ್ಕೇ ಎಳೆದುಕೊಂಡು ಹೋಗುತ್ತಿತ್ತು. ಅರ್ಥವಾಗದಿದ್ದರೂ ಕೇಳುತ್ತಲೇ ಇರಬೇಕೆನಿಸಿತು. ಮರಳಿನೊಳಗೆ ಕಾಲು ಹೂತುಕೊಂಡು, ಭುಜಕ್ಕೆ ಭುಜ ತಾಗಿಸಿ, ನಾವಿಬ್ಬರೂ ಎಷ್ಟು ಹೊತ್ತು ಕೂತಿದ್ದೆವೋ.

"ಅಮ್ಮ, ಇವಳು ನನ್ನ ನೋಡೇ ಇಲ್ಲವಲ್ಲ" ಎಂದಳು ಮಗಳು.

"ಯಾರು?"

"ಹಾಡೋಳು. ನೀನು ಚೆಂದ, ನೀನು ಚೆಂದ ಅಂತಾಳೆ. ನೋಡದೇ ಹೇಗೆ ಹೇಳ್ತಾಳೆ? ಎಲ್ಲರಿಗೂ ಹೇಳಿದ್ದು ನನಗೆ ಹೇಳಿದ ಹಾಗಾಗತ್ತಾ?"

ಆ ಹಾಡುಗಳ ಬಗ್ಗೆ ನಾನು ವರ್ಷಗಟ್ಟಲೆ ಕೊಂಕು ಮಾತಾಡಿದ್ದೆ. ಇಷ್ಟು ಸರಿಯಾದ ಮಾತು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಮ್ಮ ಮನೆಯ ಆರತಿ ಹಾಡಿನ ಸುದ್ದಿ ತೆಗೆದೆ.

ಹಸೆಗೆ ಕೂರಿಸಿದ ಹುಡುಗಿಗೆ ಆರತಿ ಹಾಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ನಮ್ಮ ಮನೆಯ ಹಾಡಿನಲ್ಲಿ ಮಾತ್ರ ಬರೀ ಪ್ರಶ್ನೆಗಳಿವೆ. ಕೂತ ಹೆಂಗಸರು ರಾಗವಾಗಿ "ಹಣೆಯಲಿ ಏನ ಕಂಡೆ?" ಎಂದು ಕೇಳುತ್ತಾರೆ. ತಟ್ಟೆ ಹಿಡಿದವಳು ದೀಪವನ್ನು ಹುಡುಗಿಯ ಹಣೆಯ ಹತ್ತಿರ ಒಯ್ದು, ನೋಡಿ, ತನ್ನದೇ ಒಂದು ಸಾಲು ಕಟ್ಟಿ ಹಾಡಬೇಕು. ಆಮೇಲೆ ಹುಬ್ಬು, ಕಣ್ಣು, ಮೂಗು, ಕೆನ್ನೆ, ಕಿವಿ, ಹೀಗೆ ಇಳಿಯುತ್ತಾ ಪಾದದವರೆಗೆ. ಯಾವುದನ್ನೂ ಬಿಡುವಂತಿಲ್ಲ. ಸುಳ್ಳು ಹೇಳುವಂತಿಲ್ಲ. ಮೊಂಡು ಮೂಗಿಗೆ ಸಂಪಿಗೆ ಅಂದರೆ ಕೂತವರು ಉಯ್ಯೋ ಎನ್ನುತ್ತಾರೆ. ನನ್ನ ಕಿವಿಗಳು ಹೊರಗೆ ಚಾಚಿಕೊಂಡಿವೆ. ನನ್ನ ಆರತಿಯಲ್ಲಿ ಅಮ್ಮ "ಕಿವಿಯಲಿ ಕಂಡೆ ತೆರೆದಿಟ್ಟ ಕದವ" ಎಂದು ಹಾಡಿದಾಗ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ನನಗೆ ಅಳುವೇ ಬಂದಿತ್ತು. ಆಮೇಲೆ ಯಾರಾದರೂ ಕಿವಿ ನೋಡಿ ನಕ್ಕರೆ ಅಷ್ಟೇನೂ ಅನಿಸುತ್ತಿರಲಿಲ್ಲ, ಎಲ್ಲ ಮೊದಲೇ ಆಗಿಹೋಗಿತ್ತಲ್ಲ.

ಮಗಳು ಇಯರ್‌ಫೋನು ತೆಗೆದು ಕೇಳಿದಳು. "ನನಗೂ ಅದನ್ನ ಹಾಡ್ತೀಯಾ?"

"ನೀನು ಹೂಂ ಅಂದ್ರೆ."

"ಕೆನ್ನೆಗೆ ಏನು ಹಾಡ್ತೀಯಾ?"

"ನೋಡೋಣ."

"ನೋಡೋಣ ಅಲ್ಲ ಅಮ್ಮ. ಬಿಟ್ಟುಬಿಟ್ಟರೆ ನನಗೆ ಗೊತ್ತಾಗತ್ತೆ. ಸುಳ್ಳು ಹೇಳಿದ್ರೂ ಗೊತ್ತಾಗತ್ತೆ." ತಮಾಷೆಯ ದನಿಯಲ್ಲೇ ಹೇಳಿದಳು, ಆದರೆ ನನ್ನ ಮುಖ ನೋಡಲಿಲ್ಲ. ಕೂದಲು ಗಾಳಿಗೆ ಹಾರದಂತೆ ಎಡಗೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು.

ಆವತ್ತಿನಿಂದ ನನಗೆ ಆ ಒಂದು ಸಾಲಿನದೇ ಧ್ಯಾನ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಬಾಯಿ ಅದೇ ರಾಗ ಗುನುಗುತ್ತಿತ್ತು. ಚಂದ್ರನಲ್ಲಿ ಕಲೆಯಿಲ್ಲವೇ ಎಂದು ಒಂದು ಸಾಲು ಕಟ್ಟಿದೆ. ಮಗಳು ಕೇಳಿದರೆ ನಕ್ಕೇ ಸಾಯುತ್ತಾಳೆ ಎನಿಸಿ ಬಿಟ್ಟೆ. ದೃಷ್ಟಿಬೊಟ್ಟು ಎಂದೆ. ಅದೂ ಒಂದು ಬಗೆಯ ಸುಳ್ಳೇ, ಮಚ್ಚೆ ಅಲ್ಲಿರುವುದು ಯಾರ ದೃಷ್ಟಿ ತೆಗೆಯಲಿಕ್ಕೂ ಅಲ್ಲ. ಮಚ್ಚೆ ಎಂಬ ಮಾತನ್ನೇ ಹಾಡಿದರೆ ತೆಲುಗಿನವರಿಗೂ ತಿಳಿಯುತ್ತದೆ, ಅವರ ಭಾಷೆಯಲ್ಲೂ ಅದು ಮಚ್ಚ. ಹಾಡು ಕಟ್ಟಿ ಕೋಟಿ ಜನಕ್ಕೆ ಕೇಳಿಸುವವರ ಮೇಲೆ ನನಗೆ ಆಗ ಮೊದಲ ಸಲ ಗೌರವ ಬಂತು. ಒಂದು ಕೆನ್ನೆಗೆ ಒಂದು ಸಾಲು ಕೊಡಲು ನನ್ನ ಕೈಲಿ ಆಗುತ್ತಿರಲಿಲ್ಲ.

ವಿಜಯವಾಡಕ್ಕೆ ರೈಲಿನಲ್ಲಿ ಹೋದೆವು. ಅನಕಾಪಲ್ಲಿಯಲ್ಲಿ ಗಂಡ ಇಳಿದು ಓಡಿ, ಎಳ್ಳಿನ ಚಿಗಳಿ ಉಂಡೆಗೆಂದು ಬೆಲ್ಲ ತಂದರು. ಬೋಗಿಯೆಲ್ಲ ಬೆಲ್ಲದ ವಾಸನೆ. ಮಗಳು ಕಿಟಕಿಗೆ ತಲೆಯಿಟ್ಟು ಹಾಡು ಕೇಳುತ್ತಾ ಮಲಗಿದ್ದಳು, ಗದ್ದೆ, ತಾಳೆಮರ, ಗದ್ದೆ, ತಾಳೆಮರ ಅವಳ ಮುಖದ ಮೇಲೆ ಹಸಿರಾಗಿ ಹಾದುಹೋಗುತ್ತಿದ್ದವು. ನಾನೂ ಕಣ್ಣು ಮುಚ್ಚಿದೆ. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ಅವಳು ಹುಟ್ಟಿದ ದಿನ ಕಣ್ಣೆದುರು ಬಂತು. ನರ್ಸು ಮಗುವನ್ನು ಎದೆಯ ಮೇಲೆ ಮಲಗಿಸಿದ್ದಳು. ಮಗುವಿನ ಪುಟ್ಟ ಎಡಗೆನ್ನೆಯ ಮೇಲೆ ಆ ಗುರುತಿತ್ತು, ನನ್ನ ಹೆಬ್ಬೆರಳಷ್ಟೇ. ನಾನು ಹೆಬ್ಬೆರಳಿಟ್ಟು ನೋಡಿದ್ದೆ. ಹೊತ್ತು ಮುಳುಗಿದ ಮೇಲೆ ಉಳಿಯುವ ಬಣ್ಣ. ಸಾಲು ಅಲ್ಲೇ ಸಿಕ್ಕಿತು. ಸಂತೋಷಕ್ಕೆ ಮಗಳನ್ನು ಎಬ್ಬಿಸಬೇಕೆನಿಸಿತು, ಎಬ್ಬಿಸಲಿಲ್ಲ.

ಅತ್ತೆಯ ಸಡಗರ ಹೇಳತೀರದು. ಆರತಿ ಹಾಡಿನ ವಿಷಯ ತಿಳಿದು, ಪ್ರಶ್ನೆಗಳನ್ನು ತಾನೇ ಹಾಡುತ್ತೇನೆಂದು ಹಟ ಹಿಡಿದರು. ಕನ್ನಡದ ಒಂದೊಂದು ಮಾತನ್ನೂ ನನ್ನಿಂದ ಹೇಳಿಸಿಕೊಂಡು, ತಂಗಿಯರಿಗೂ ಕಲಿಸಿದರು. ಅಡುಗೆಮನೆಯಲ್ಲಿ ಎಳ್ಳು ಬೆಲ್ಲ ಕುಟ್ಟುತ್ತಾ ಮೂವರು ಮುದುಕಿಯರು "ಏನ ಕಂಡೆ, ಏನ ಕಂಡೆ" ಎಂದು ಹಾಡುವುದನ್ನು ಕೇಳಿ ಮಗಳು ಬಾಗಿಲಲ್ಲೇ ಕೂತು ನಕ್ಕಳು.

ಫಂಕ್ಷನ್ನಿನ ಬೆಳಿಗ್ಗೆ ಮೇಕಪ್ಪಿನವಳು ಬಂದಳು. ನಾನು ಕೊನೆಯ ಸಲ ಕೇಳಿದೆ, ಮುಚ್ಚಿಸಲೇಬೇಕಾ ಎಂದು. ಮಗಳು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡಳು. "ಮುಚ್ಚಲಿ ಅಮ್ಮ. ಅದಿಲ್ಲದೆ ಒಂದಿನ ಹೇಗಿರತ್ತೆ ನೋಡ್ಬೇಕು" ಎಂದಳು. ಅವಳ ಮುಖ, ಅವಳಿಷ್ಟ. ನಾನು ಹೊರಗೆ ಹೋಗಿ ಹೂವಿನವನ ಹತ್ತಿರ ಸುಮ್ಮನೆ ಜಗಳ ಮಾಡಿದೆ. ಒಳಗೆ ಬಂದಾಗ ಕುರ್ಚಿಯಲ್ಲಿ ಕೂತಿದ್ದವಳ ಎರಡು ಕೆನ್ನೆಗಳೂ ಒಂದೇ ಥರ ಇದ್ದವು. ಚೆಂದ ಕಾಣುತ್ತಿದ್ದಳು, ಸುಳ್ಳು ಯಾಕೆ ಹೇಳಲಿ. ಆದರೆ ಯಾರದೋ ಮನೆಯ ಹುಡುಗಿಯನ್ನು ನೋಡಿದ ಹಾಗಾಯಿತು.

ಫಂಕ್ಷನ್ ಹಾಲಿನ ದೀಪಗಳು ಆರಿದವು, ಡ್ರಮ್ಮು ಶುರುವಾಯಿತು. ಹೂವಿನ ಚಪ್ಪರವನ್ನು ಅವಳ ವರಸೆಯ ಅಣ್ಣತಮ್ಮಂದಿರು ಎತ್ತಿ ಹಿಡಿದಿದ್ದರು, ಅದರ ಕೆಳಗೆ ಮಗಳು ನಡೆದು ಬಂದಳು, ನೆಲದ ಮೇಲೆ ಹೊಗೆಯೋ ಮೋಡವೋ ತೇಲುತ್ತಿತ್ತು. ಇದ್ದ ಹಾಗೇ ಬಾ, ಏನನ್ನೂ ಮುಚ್ಚಬೇಡ ಎಂದು ಹಾಡು ಇಡೀ ಹಾಲು ನಡುಗುವ ಹಾಗೆ ಕೂಗುತ್ತಿತ್ತು. ನನ್ನ ಹತ್ತಿರ ಬಂದಾಗ ಮಗಳು ತುಟಿ ಅಲ್ಲಾಡಿಸದೆ ಕನ್ನಡದಲ್ಲಿ, "ನಗಬೇಡ ಅಮ್ಮ, ನನಗೂ ನಗು ಬರ್ತಿದೆ" ಅಂದಳು.

ಆರತಿಯ ಹೊತ್ತು ಬಂತು. ನಾನು ತಟ್ಟೆ ಹಿಡಿದೆ. ಯಾರೋ ಮೈಕು ತಂದು ಮುಂದಿಟ್ಟರು, ದೊಡ್ಡ ಪರದೆಯ ಮೇಲೆ ಮಗಳ ಮುಖ ಗೋಡೆಯಷ್ಟಾಯಿತು. ಹಣೆ, ಹುಬ್ಬು, ಕಣ್ಣು ಎಲ್ಲ ಸಲೀಸಾಗಿ ಆಯಿತು. ಅವಳ ಚೂಪು ಮೂಗಿಗೆ "ಎಲ್ಲದರಲ್ಲೂ ತೂರುವ ಸೂಜಿ" ಎಂದೆ, ಅವಳು ಕೆಳತುಟಿ ಕಚ್ಚಿ ನಗು ತಡೆದಳು. ಮುಂದಿನದು ಕೆನ್ನೆ. ಅತ್ತೆಗೂ ಗೊತ್ತಿತ್ತು. ಅವರು ಅದನ್ನು ಹಾರಿಸಿ "ಕಿವಿಯಲಿ ಏನ ಕಂಡೆ" ಎಂದುಬಿಟ್ಟರು. ನಾನು ದೀಪವನ್ನು ಅಲ್ಲಿಂದ ಅಲ್ಲಾಡಿಸಲಿಲ್ಲ. ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ನಮ್ಮ ಮೂವರನ್ನು ಬಿಟ್ಟು ಹಾಲಿನಲ್ಲಿ ಯಾರಿಗೂ ಏನೂ ತಿಳಿದಿರಲಿಕ್ಕಿಲ್ಲ. ಕೊನೆಗೆ ಅತ್ತೆಯೇ, ಮೆಲ್ಲಗೆ, ತಂಗಿಯರಿಗೂ ಕಾಯದೆ ಒಬ್ಬರೇ ಹಾಡಿದರು. "ಕೆನ್ನೆಯಲಿ ಏನ ಕಂಡೆ?"

ದೀಪದ ಬೆಳಕಿನಲ್ಲಿ ಬರೀ ಬಣ್ಣವಿತ್ತು. ನಾನು ಅದರ ಕೆಳಗಿರುವುದನ್ನು ಹಾಡಿದೆ.

"ಕೆನ್ನೆಯಲಿ ಕಂಡೆ ಹೆಬ್ಬೆರಳಷ್ಟು ಸಂಜೆಯ."

ಮಗಳ ಕಣ್ಣು ತುಂಬಿತು. ಒರೆಸಿಕೊಳ್ಳಬೇಡ ಎಂದು ಮೇಕಪ್ಪಿನವಳು ಪಕ್ಕದಿಂದ ಕೈಸನ್ನೆ ಮಾಡಿದಳು. ಹೆಂಗಸರು ಅರ್ಥವಾಗದಿದ್ದರೂ ರಾಗಕ್ಕೆ ತಲೆದೂಗಿದರು, ಊಟಕ್ಕೆ ಎಲೆ ಹಾಕುವ ಸದ್ದು ಕೇಳಿಸಿತು, ಹಾಡು ಕಿವಿಗೆ, ಕತ್ತಿಗೆ, ಕೈಗೆ ಇಳಿಯುತ್ತಾ ಹೋಯಿತು. ಗೆದ್ದೆ ಎಂದುಕೊಂಡೆ. ನನಗೆ ಬಹಳ ಹೆಮ್ಮೆಯಾಗಿತ್ತು.

ಊಟವಾದ ಮೇಲೆ ಮೇಲಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಜಡೆಯಿನ್ನೂ ಬಿಚ್ಚಿರಲಿಲ್ಲ, ಹೂವು ಬಾಡಿ ಕೋಣೆಯೆಲ್ಲ ಅಮಲೇರಿಸುವ ವಾಸನೆ. ಮಗಳು ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಮುಖ ಒರೆಸಿಕೊಳ್ಳುತ್ತಾ ಏನೋ ಯೋಚಿಸುತ್ತಿದ್ದಳು.

"ಅಮ್ಮ, ಹೆಬ್ಬೆರಳಷ್ಟಾ?" ಎಂದಳು.

"ಹೂಂ. ನೀನು ಹುಟ್ಟಿದಾಗ ನಾನೇ ಇಟ್ಟು ನೋಡಿದ್ದೆ."

ಅವಳು ಉಳಿದ ಬಣ್ಣವನ್ನೂ ಒರೆಸಿ, ಬೆಳಕಿಗೆ ಬಂದು ನನ್ನ ಮುಂದೆ ಕೂತಳು. ನನ್ನ ಬಲಗೈ ಹಿಡಿದು, ಹೆಬ್ಬೆರಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಬೆರಳಿನ ಸುತ್ತ ಮಚ್ಚೆ ಇನ್ನೂ ಎಷ್ಟೋ ಉಳಿದಿತ್ತು. ಮೇಲೆ ಕಿವಿಯ ಬುಡದವರೆಗೆ, ಕೆಳಗೆ ದವಡೆಯ ಅಂಚಿನವರೆಗೆ. ಅಂಚಿನಲ್ಲಿ ಬಣ್ಣ ತಿಳಿಯಾಗಿತ್ತು, ನಡುವೆ ಗಾಢವಾಗಿತ್ತು, ಒಂದು ಕಡೆ ಎಳೆಯ ರೋಮಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನನ್ನ ಅಂಗೈ ಇಟ್ಟರೂ ಮುಚ್ಚುತ್ತಿರಲಿಲ್ಲವೇನೋ. ಇದನ್ನು ನಾನು ಹೀಗೆ ಇಡಿಯಾಗಿ ನೋಡಿ ವರ್ಷಗಳೇ ಆಗಿದ್ದವು.

"ನೀನೂ ನೋಡದೇ ಹಾಡಿದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ನೋಡಿ ಹೇಳು."

ನೋಡಿದೆ. ಅವಳು ತಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೊರಗೆ ಪಾತ್ರೆ ತೊಳೆಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು. ಕಟ್ಟಿದ ಸಾಲು ಬಾಯಿಗೆ ಬರಲಿಲ್ಲ, ರಾಗವೂ ಬರಲಿಲ್ಲ.

"ದೊಡ್ಡದಾಗಿದೆ ಕಣೇ" ಎಂದೆ.

"ಹೂಂ" ಅಂದಳು ಮಗಳು. "ನಾನೂ."